ಓಡಬಾರದ ವರ್ಷ

ಆಗಸ್ಟ್ ತಿಂಗಳಲ್ಲಿ ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ಹೋಗುವವರು ಬಸ್ಸಿನ ಕಿಟಕಿ ತೆರೆದಿಟ್ಟರೆ ಒಂದು ವಾಸನೆ ಬರುತ್ತದೆ. ಬೆಲ್ಲದ ಪಾಕ ಸ್ವಲ್ಪ ತಳ ಹತ್ತಿದ ಹಾಗೆ, ಜೊತೆಗೆ ಒದ್ದೆ ಗೋಣಿಚೀಲವನ್ನು ಒಲೆಯ ಪಕ್ಕ ಒಣಗಲು ಇಟ್ಟ ಹಾಗೆ. ಹೊಲಗಳ ನಡುವೆ ಕಿಟಕಿಯಿಲ್ಲದ ಎತ್ತರದ ಮನೆಗಳಂತೆ ನಿಂತಿರುವ ಬ್ಯಾರನ್‌ಗಳಲ್ಲಿ ಹೊಗೆಸೊಪ್ಪು ಬೇಯುವ ವಾಸನೆ ಅದು. ಹೊರಗಿನವರಿಗೆ ತಲೆ ಸುತ್ತುತ್ತದೆ. ನಮ್ಮ ಕಡೆಯವರಿಗೆ ಅದು ಬಂದದ್ದೂ ತಿಳಿಯುವುದಿಲ್ಲ.

ಹೋದ ವರ್ಷ ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು, ನಾವು ಈಗ ಇರುವ ಹ್ಯಾಂಡ್‌ಪೋಸ್ಟಿನಿಂದ ಊರಿಗೆ ಹೊರಟಿದ್ದೆ. ಕಂಪಲಾಪುರ ಹತ್ತಿರವಾಗುತ್ತಿದ್ದಂತೆ ಆ ವಾಸನೆ ಮುಖಕ್ಕೆ ಬಡಿಯಿತು. ಪಕ್ಕದಲ್ಲಿದ್ದ ಹೆಂಡತಿ "ಯಾಕ್ರೀ, ಬೆಳಿಗ್ಗೆ ಮಾತ್ರೆ ತಗೊಂಡ್ರಾ?" ಎಂದಳು. ನೋಡಿಕೊಂಡರೆ ನನ್ನ ಬಲಗೈ ನನಗೆ ಗೊತ್ತಿಲ್ಲದೆಯೇ ಎಡಗೈಯ ಮಣಿಕಟ್ಟಿನ ಮೇಲೆ ಕೂತು ನಾಡಿ ಎಣಿಸುತ್ತಿತ್ತು. ತೊಂಬತ್ತೆಂಟರ ಮಳೆಗಾಲದಲ್ಲಿ ಅಂಟಿಕೊಂಡ ಅಭ್ಯಾಸ ಅದು. ಈಗ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನನ್ನನ್ನು ನೋಡಿದವರು ಯಾರೂ ನಂಬುವುದಿಲ್ಲ, ಆ ವರ್ಷದವರೆಗೆ ನಾನು ಫುಟ್‌ಬಾಲ್ ಆಡಿ ಸಂಬಳ ತೆಗೆದುಕೊಳ್ಳುತ್ತಿದ್ದವನು.

ನಮ್ಮ ಹೊಲದ ಬದುವಿನಿಂದ ಎರಡು ಮೈಲಿ ನಡೆದರೆ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪು. ನಮ್ಮೂರ ಹುಡುಗರೆಲ್ಲ ಕ್ರಿಕೆಟ್ಟಿನ ಹಿಂದೆ ಬಿದ್ದಿದ್ದಾಗ ಕ್ಯಾಂಪಿನವರು ಫುಟ್‌ಬಾಲ್ ಆಡುತ್ತಿದ್ದರು. ಮುಸುಕಿನ ಜೋಳದ ಹೊಲಗಳ ನಡುವೆ ಒಂದು ಕಡೆಗೆ ವಾಲಿದ ಮೈದಾನ. ಮೇಲಿಂದ ಕೆಳಕ್ಕೆ ಆಡುವವರಿಗೆ ಅರ್ಧ ಆಟವನ್ನು ಇಳಿಜಾರೇ ಆಡಿಕೊಡುತ್ತಿತ್ತು. ಮರಿ ಸನ್ಯಾಸಿಗಳು ಕೂಡ ಕೆಂಪು ಬಟ್ಟೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಚೆಂಡಿನ ಹಿಂದೆ ಓಡುತ್ತಿದ್ದರು. ಅಪ್ಪ ಅಲ್ಲಿನ ಒಂದು ಮನೆಯವರ ಹೊಲ ಉಳಲು ಎತ್ತು ಕಟ್ಟಿಕೊಂಡು ಹೋಗುತ್ತಿದ್ದ. ಆ ಮನೆಯ ಹುಡುಗ ಕರ್ಮ. ನನಗಿಂತ ಎರಡು ವರ್ಷ ದೊಡ್ಡವನು. ಅಪ್ಪನಿಗೆ ಬುತ್ತಿ ಕೊಟ್ಟು ಬದುವಿನ ಮೇಲೆ ಕೂತಿದ್ದ ನನ್ನನ್ನು ಮೊದಲ ಸಲ ಆ ಮೈದಾನಕ್ಕೆ ಇಳಿಸಿದವನು ಅವನೇ.

ಇಲ್ಲೇ ಹುಟ್ಟಿ ಬೆಳೆದವನು, ನಮ್ಮ ಕನ್ನಡವನ್ನು ನಮ್ಮಂತೆಯೇ ಆಡುತ್ತಿದ್ದ. ಅವ್ವ ಮಾತ್ರ ಅವನ ಹೆಸರು ಕೂಗಲು ಒಪ್ಪಲಿಲ್ಲ. "ಬಾಗ್ಲಲ್ಲಿ ನಿಂತು ಕರ್ಮ, ಕರ್ಮ ಅಂತ ಕೂಗಿದ್ರೆ ನೋಡ್ದೋರು ಏನಂದ್ಕಂಡಾರು?" ಎಂದು ಅವನಿಗೆ ಕರಿಯಪ್ಪ ಎಂದು ಹೆಸರಿಟ್ಟಳು. ಅವನು ಹಾಲಿನಂಥ ಬಣ್ಣದವನು. ಆದರೂ ಕರಿಯಪ್ಪ ಎಂದರೆ ಓಗೊಡುತ್ತಿದ್ದ.

ನಾನು ಎಡಗಾಲಿನ ಆಟಗಾರ. ಎಡ ಅಂಚಿನಲ್ಲಿ ಚೆಂಡು ಸಿಕ್ಕರೆ ಗೆರೆಯನ್ನು ಹಿಡಿದುಕೊಂಡೇ ಓಡುತ್ತಿದ್ದೆ. ಕ್ಯಾಂಪಿನ ತಂಡದ ಜೊತೆ ಮೈಸೂರಿಗೆ ಆಡಲು ಹೋದಾಗ ಬೆಂಗಳೂರಿನ ಕ್ಲಬ್ಬೊಂದರ ತರಬೇತುದಾರರು ನೋಡಿದರು. ಆಟ ಮುಗಿದ ಮೇಲೆ ನನ್ನ ಹತ್ತಿರ ಬಂದು ಮೊದಲು ಕೇಳಿದ್ದು, "ನಿಂಗೆ ಸುಸ್ತೇ ಆಗಲ್ವೇನಯ್ಯಾ?" ಎಂದು. ತೊಂಬತ್ತೇಳರ ಜೂನ್‌ನಲ್ಲಿ ನಾನು ಬೆಂಗಳೂರಿಗೆ ಹೋದೆ. ಅಪ್ಪ ಬಸ್ ಸ್ಟಾಂಡಿಗೆ ಬರಲಿಲ್ಲ. "ಕಾಲಲ್ಲಿ ಒದ್ಯಾಕೂ ಸಂಬ್ಳ ಕೊಡ್ತಾರಾ?" ಎಂದಿದ್ದ, ಅಷ್ಟೇ.

ಆಸ್ಟಿನ್ ಟೌನಿನ ಹತ್ತಿರ ಒಂದು ಕೋಣೆಯಲ್ಲಿ ನಾವು ನಾಲ್ವರು. ಉಳಿದ ಮೂವರಲ್ಲಿ ಒಬ್ಬನಿಗೂ ಕನ್ನಡ ಬರುತ್ತಿರಲಿಲ್ಲ. ಹತ್ತು ತಿಂಗಳಲ್ಲಿ ಹದಿನಾಲ್ಕು ಪಂದ್ಯ ಆಡಿದೆ, ಮೂರು ಗೋಲು ಹೊಡೆದೆ. ಒಂದು ಸಲ ಪತ್ರಿಕೆಯಲ್ಲಿ ನನ್ನ ಹೆಸರು ಬಂತು. ಮಹದೇವ ಎಂಬುದನ್ನು ಮಹಾದೇವನ್ ಎಂದು ಹಾಕಿದ್ದರು. ಅದನ್ನೇ ಕತ್ತರಿಸಿ ಅವ್ವನಿಗೆ ಕೊಟ್ಟೆ, ಅವಳು ದೇವರ ಪಟದ ಚೌಕಟ್ಟಿನ ಮೂಲೆಗೆ ಸಿಕ್ಕಿಸಿದಳು. ನನ್ನ ವೃತ್ತಿಜೀವನ ಎಂದರೆ ಇಷ್ಟೇ. ಇದನ್ನು ಹೇಳಿ ಮುಗಿಸಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಬೇಡ.

ಮುಂದಿನ ಬೇಸಿಗೆಯಲ್ಲಿ ಗೋವಾದ ಒಂದು ದೊಡ್ಡ ತಂಡ ಕರೆಯಿತು. ಕಾಗದಕ್ಕೆ ಸಹಿ ಹಾಕುವ ಮೊದಲು ವೈದ್ಯರ ಪರೀಕ್ಷೆ. ಎಲ್ಲರಿಗೂ ಎರಡು ನಿಮಿಷ ಹಿಡಿದದ್ದು ನನಗೆ ತುಂಬ ಹೊತ್ತಾಯಿತು. ಆ ಡಾಕ್ಟರು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟರು, ತೆಗೆದರು, ಮತ್ತೆ ಇಟ್ಟರು. ನನ್ನನ್ನು ಕೂರಿಸಿ ಕೇಳಿದರು, ನಿಲ್ಲಿಸಿ ಕೇಳಿದರು. ಆಮೇಲೆ ಬೇರೆ ಆಸ್ಪತ್ರೆಗೆ ಕಳಿಸಿ ಸ್ಕ್ಯಾನ್ ಮಾಡಿಸಿದರು. ಹೃದಯದ ಒಂದು ಗೋಡೆ ಇರಬೇಕಾದದ್ದಕ್ಕಿಂತ ದಪ್ಪವಾಗಿದೆ ಎಂದರು. ನಡೆಯಬಹುದು, ಕೆಲಸ ಮಾಡಬಹುದು, ಮದುವೆಯಾಗಬಹುದು, ಓಡಬಾರದು. ಓಡಿದರೆ ಒಂದು ದಿನ ಸುಳಿವೇ ಕೊಡದೆ ನಿಂತುಬಿಡಬಹುದು.

"ನಿಮ್ಮ ಮನೆಯಲ್ಲಿ ಸಣ್ಣ ವಯಸ್ಸಿನಲ್ಲೇ ಯಾರಾದರೂ ಹಠಾತ್ತನೆ ಸತ್ತಿದ್ದಾರಾ?" ಎಂದು ಕೇಳಿದರು.

ಇಲ್ಲ ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ವಾಪಸು ಬರುವ ರೈಲಿನಲ್ಲಿ, ಮಡಿಲಲ್ಲಿ ಬೂಟಿನ ಚೀಲ ಇಟ್ಟುಕೊಂಡು ಕೂತಿದ್ದಾಗ ನಿಂಗ ಚಿಕ್ಕಪ್ಪ ನೆನಪಾದ. ಅಪ್ಪನ ತಮ್ಮ. ನಾನು ಹುಟ್ಟುವ ಮೊದಲೇ, ಮದುವೆಯಾಗುವ ಮೊದಲೇ ಹೊಲದಲ್ಲಿ ಬಿದ್ದು ಸತ್ತವನು. ಗಾಳಿ ಸೋಕಿತ್ತು ಎಂದು ಮನೆಯಲ್ಲಿ ಹೇಳುತ್ತಿದ್ದರು. ಅದು ನನಗೆ ದೆವ್ವದ ಕತೆಯಾಗಿತ್ತೇ ಹೊರತು ಡಾಕ್ಟರಿಗೆ ಹೇಳುವ ಸಂಗತಿ ಎಂದು ಯಾವತ್ತೂ ಅನಿಸಿರಲಿಲ್ಲ. ಬೆಂಗಳೂರಿನಲ್ಲಿ ಮತ್ತೊಬ್ಬರಿಗೆ ತೋರಿಸಿದೆ. ಅವರೂ ಅದನ್ನೇ ಹೇಳಿದರು. ತರಬೇತುದಾರರು ನನ್ನ ಭುಜದ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದರು. ಆಮೇಲೆ ಕೋಣೆಯ ಬೀಗದ ಕೈ ವಾಪಸು ಕೇಳಿದರು.

ಊರಿಗೆ ಬಂದಾಗ ಮಳೆ ಹಿಡಿದಿತ್ತು. ಹೊಲದಲ್ಲಿ ಹೊಗೆಸೊಪ್ಪು ಮೊಣಕಾಲೆತ್ತರ ಬಂದಿತ್ತು. ಅಪ್ಪ ಜಗಲಿಯಲ್ಲಿ ಕೂತು ಗುದ್ದಲಿಗೆ ಮೆತ್ತಿದ ಮಣ್ಣನ್ನು ಕೆರೆಯುತ್ತಿದ್ದ. ವಿಷಯ ಹೇಳಿದೆ. ಅವನು ಕೆರೆಯುವುದನ್ನು ನಿಲ್ಲಿಸಲಿಲ್ಲ.

"ನಿಂಗ ಚಿಕ್ಕಪ್ಪ ಎಂಗೆ ಸತ್ತಿದ್ದು ಅಪ್ಪಾ?" ಎಂದೆ.

"ಗಾಳಿ ಸೋಕ್ತು ಅಂದ್ರು."

"ಓಡ್ತಿದ್ನಾ?"

"ಎದ್ದೋಗು, ಉಣ್ಣೋಗು" ಎಂದ. ಗುದ್ದಲಿಯನ್ನು ಹೆಗಲಿಗೇರಿಸಿಕೊಂಡು ಆ ಮಳೆಯಲ್ಲೇ ಹೊಲಕ್ಕೆ ಹೊರಟುಹೋದ.

ಊರವರಿಗೆ ಕಾಲು ನೋವು, ರಜೆ ಕೊಟ್ಟಿದ್ದಾರೆ ಎಂದು ಹೇಳಿಕೊಂಡೆವು. ಹಾಗೆ ಹೇಳೋಣ ಎಂದು ಯಾರೂ ಕೂತು ಮಾತಾಡಿರಲಿಲ್ಲ. ಮೊದಲ ದಿನ ಅವ್ವ, ಮದುವೆಗೆ ಬಂದಿದ್ದ ತಂಗಿಯ ಕಡೆ ನೋಡಿ, ಯಾರಿಗೋ ಹಾಗೆಂದಳು, ಅದೇ ಉಳಿದುಕೊಂಡಿತು. ಕಾಲು ನೋವೆಂದರೆ ಕುಂಟಬೇಕಲ್ಲ. ಕೆಲವು ದಿನ ಕುಂಟಿದೆ. ಎಡಗಾಲೋ ಬಲಗಾಲೋ ಎಂಬುದು ಮರೆತುಹೋಗುತ್ತಿತ್ತು, ಆಮೇಲೆ ಬಿಟ್ಟುಬಿಟ್ಟೆ. "ಯಾವಾಗ ವಾಪಸ್ ವೋಗೋದು?" ಎಂದು ಕೇಳಿದವರಿಗೆಲ್ಲ "ಬರೋ ತಿಂಗ್ಳು" ಎನ್ನುತ್ತಿದ್ದೆ. ಬರುವ ತಿಂಗಳು ಬಂದಾಗಲೂ ಅದನ್ನೇ ಹೇಳುತ್ತಿದ್ದೆ.

ಓಡದೆ ಬದುಕುವುದು ಎಷ್ಟು ಕಷ್ಟ ಎಂದು ಓಡುವವನಿಗೇ ಗೊತ್ತಾಗುವುದು. ಹೊಲದಲ್ಲಿ ಇದ್ದಕ್ಕಿದ್ದಂತೆ ಜೋರು ಮಳೆ ಬಂದರೆ ಎಲ್ಲರೂ ಸೆರಗು, ಟವೆಲು ತಲೆಗೆ ಹಾಕಿಕೊಂಡು ಹೊಂಗೆ ಮರದ ಕೆಳಕ್ಕೆ ಓಡುತ್ತಿದ್ದರು. ನಾನೊಬ್ಬ ನಡೆದುಕೊಂಡು ಹೋಗುತ್ತಿದ್ದೆ. ಮರದ ಕೆಳಗೆ ನೆನೆಯದ ಬಟ್ಟೆಯಲ್ಲಿ ನಿಂತವರು ನಾನು ತೊಪ್ಪೆಯಾಗಿ ಬರುವುದನ್ನು ನೋಡುತ್ತಿದ್ದರು. "ಪಟ್ಣದೋನ್ಗೆ ಮಳೆ ಚೆಂದ ಕಾಣ್ತದೆ" ಎಂದು ಯಾರೋ ನಕ್ಕರು. ಮಲಗಿದರೆ ದಿಂಬಿಗೆ ಒತ್ತಿದ ಕಿವಿಯಲ್ಲಿ ನನ್ನ ಎದೆಯ ಬಡಿತವೇ ಕೇಳುತ್ತಿತ್ತು. ಮಗ್ಗುಲು ಬದಲಿಸಿದರೆ ಆ ಕಿವಿಗೂ ಕೇಳುತ್ತಿತ್ತು. ಆಗಲೇ ನಾಡಿ ಎಣಿಸಲು ಶುರು ಮಾಡಿದ್ದು. ಆ ವರ್ಷ ವಿಶ್ವಕಪ್ ಇತ್ತು. ಊರಲ್ಲಿ ಟೀವಿ ಇದ್ದವರು ಮನೆಗೆ ಬಂದು ಕರೆದರು, ನಾನು ಒಂದು ಪಂದ್ಯವನ್ನೂ ನೋಡಲಿಲ್ಲ.

ಜುಲೈ ಕೊನೆಯಲ್ಲಿ ಸೊಪ್ಪು ಮುರಿಯುವುದು ಶುರುವಾಯಿತು. ಗಂಡಸರು ಸಾಲಿನಲ್ಲಿ ಬಗ್ಗಿ ಬಲಿತ ಎಲೆಗಳನ್ನು ಮುರಿದು ಹೊರೆ ಹೊತ್ತು ತರುತ್ತಾರೆ. ಹೆಂಗಸರು ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಕೂತು ಅವನ್ನು ಉದ್ದನೆಯ ಕಡ್ಡಿಗಳಿಗೆ ಕಟ್ಟುತ್ತಾರೆ. ಅಪ್ಪ ನನ್ನನ್ನು ಹೆಂಗಸರ ಜೊತೆ ಕೂರಿಸಿದ. ಹೊರೆ ಎತ್ತಲು ಹೋದರೆ ಎಲ್ಲರೆದುರು ಗದರುತ್ತಿದ್ದ. "ಬೆಂಗ್ಳೂರಲ್ಲಿ ಕೂತು ಮೈ ಬೆಳ್ಸ್ಕಂಡವ್ನೆ, ಇವ್ನ ಕೈಲಿ ಎಲೆ ಅರದೋಯ್ತವೆ. ಆ ಕಡೆ ಕುಂತ್ಕಳ್ಲಾ!" ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ನಾನು ತಲೆ ಎತ್ತದೆ ಕಟ್ಟುತ್ತಿದ್ದೆ. ಎಲೆಯ ಅಂಟು ಬೆರಳಿಗೆ ಹತ್ತಿ ಕಪ್ಪಾಗುತ್ತದೆ, ಸೋಪಿಗೆ ಹೋಗುವುದಿಲ್ಲ. ಮಧ್ಯಾಹ್ನ ಮುದ್ದೆ ಮುರಿದರೆ ಮೊದಲ ತುತ್ತು ಕಹಿ. ಅಪ್ಪನ ಮೇಲೆ ನನಗೆ ಆ ದಿನಗಳಲ್ಲಿ ಬಂದಷ್ಟು ಸಿಟ್ಟು ಮತ್ತೆ ಯಾರ ಮೇಲೂ ಬಂದಿಲ್ಲ.

ಕರ್ಮ ಎರಡು ಸಲ ಬಂದ. ನಾನು ಅವನಿಗೂ ಕಾಲು ನೋವೆಂದೇ ಹೇಳಿದೆ. ನನ್ನ ಕಾಲನ್ನು ನನಗಿಂತ ಚೆನ್ನಾಗಿ ಬಲ್ಲವನು. ಮೊಣಕಾಲನ್ನು ಒತ್ತಿ ನೋಡಿದ, ಪಾದ ತಿರುಗಿಸಿ ನೋಡಿದ, ಎದ್ದು ಹೊರಟ. ಮೂರನೇ ಸಲ ಅವನು ಬರುವುದು ಕಂಡಾಗ ನಾನು ಬ್ಯಾರನ್ನಿನ ಹಿಂದೆ ಹೋಗಿ ನಿಂತೆ. ಚೆನ್ನಾಗಿ ಆಡುತ್ತಿರುವ ಅವನನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಆ ದಿನಗಳಲ್ಲೇ ಪಿರಿಯಾಪಟ್ಟಣದಿಂದ ಸೈಕಲ್ ಶಾಪಿನ ರಾಜಣ್ಣ ಬಂದದ್ದು. ಗಣೇಶನ ಹಬ್ಬದ ನಂತರ ಹುಣಸೂರಿನಲ್ಲಿ ಟೂರ್ನಮೆಂಟು. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ, ಪಿರಿಯಾಪಟ್ಟಣ, ಜೊತೆಗೆ ಕ್ಯಾಂಪಿನ ತಂಡ. ಪಿರಿಯಾಪಟ್ಟಣದ ತಂಡ ಕಟ್ಟುವವನು ರಾಜಣ್ಣ. ಇದುವರೆಗೆ ಒಂದು ಸಲವೂ ಗೆದ್ದಿರಲಿಲ್ಲ.

"ಕಾಲ್ ನೋವ್ ಇದ್ರೆ ಇರ್ಲಿ, ಅರ್ಧ ಆಟ ಆಡು ಸಾಕು. ನೀನ್ ಸುಮ್ಕೆ ನಿಂತಿದ್ರೂ ಇಬ್ರು ಬಂದು ನಿನ್ನೇ ಕಾಯ್ತಾರೆ. ಮಿಕ್ಕೋರು ಗೋಲ್ ವೊಡೀತಾರೆ" ಎಂದ.

ಹೂಂ ಎಂದುಬಿಟ್ಟೆ. ಯಾಕೆ ಅಂದೆ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಸಾಯಬೇಕೆಂದು ಇರಲಿಲ್ಲ. ಡಾಕ್ಟರ ಮಾತು ಸುಳ್ಳೆಂದೂ ಅಂದುಕೊಂಡಿರಲಿಲ್ಲ. ಚಪ್ಪರದಲ್ಲಿ ಕೂತು ಎಲೆ ಕಟ್ಟುತ್ತ ಐವತ್ತು ವರ್ಷ ಕಳೆಯುವುದು, ಎಡ ಅಂಚಿನಲ್ಲಿ ಅರ್ಧ ಗಂಟೆ ಓಡುವುದು, ಇವೆರಡರಲ್ಲಿ ಯಾವುದು ಬೇಕು ಎಂದು ಯಾರೋ ಕೇಳಿದಂತಾಗಿತ್ತು. ಇಪ್ಪತ್ತೊಂದರ ವಯಸ್ಸಿನಲ್ಲಿ ಅದಕ್ಕೆ ಉತ್ತರ ಹೇಳಲು ಬಹಳ ಹೊತ್ತು ಹಿಡಿಯುವುದಿಲ್ಲ.

ರಾಜಣ್ಣ ಹಳದಿ ಕಾಗದದಲ್ಲಿ ಕರಪತ್ರ ಹಾಕಿಸಿದ. "ಬೆಂಗಳೂರಿನ ಪ್ರಖ್ಯಾತ ಆಟಗಾರ ಮಹದೇವ ಕಣಕ್ಕೆ" ಎಂದು ದಪ್ಪ ಅಕ್ಷರ. ನಮ್ಮೂರ ಹಾಲಿನ ಡೈರಿಯ ಗೋಡೆಗೂ ಒಂದನ್ನು ಅಂಟಿಸಿದ್ದರು. ಬೆಳಗಿನ ಹಾಲು ಹಾಕಲು ಹೋಗುತ್ತಿದ್ದವನು ಅಪ್ಪ. ಅವನಿಗೆ ಓದಲು ಬರುತ್ತಿರಲಿಲ್ಲ, ಓದಿ ಹೇಳುವವರು ಇದ್ದರು. ಮನೆಗೆ ಬಂದು ಏನನ್ನೂ ಕೇಳಲಿಲ್ಲ. ನಾನು ಅದನ್ನು ಅವನ ಅಸಡ್ಡೆ ಎಂದುಕೊಂಡೆ. ಅವ್ವನಿಗೆ ಓದಲು ಬರುತ್ತಿರಲಿಲ್ಲ, ಅವಳು ಡೈರಿಯ ಕಡೆ ಹೋಗುವವಳೂ ಅಲ್ಲ. ಅವಳಿಗೆ ಆಟ ನೋಡಲು ಹೋಗುತ್ತೇನೆ ಎಂದು ಹೇಳಿ ಬೂಟಿನ ಚೀಲವನ್ನು ಹಿತ್ತಲಿಂದ ಸಾಗಿಸಿದೆ.

ಹುಣಸೂರಿನ ಮೈದಾನ ಅವತ್ತು ತುಂಬಿತ್ತು. ಬೆಳಿಗ್ಗೆ ಮಳೆ ಬಂದು ನಿಂತು, ಮಧ್ಯಾಹ್ನ ಎಳೆಬಿಸಿಲು ಬಿದ್ದಿತ್ತು. ಕಡಲೆಕಾಯಿ ಮಾರುವವರು, ಕಾಂಪೌಂಡಿನ ಮೇಲೆ ಸಾಲಾಗಿ ಕೂತ ಹುಡುಗರು, ಮೈಕಿನಲ್ಲಿ ನನ್ನ ಹೆಸರು. ಚೀಟಿ ಎತ್ತಿದಾಗ ಮೊದಲ ಪಂದ್ಯವೇ ನಮಗೂ ಕ್ಯಾಂಪಿಗೂ ಬಂದಿತ್ತು. ನಾನು ಬೂಟಿನ ದಾರ ಬಿಗಿದು ಎದ್ದು ನಿಂತೆ. ಮೂರು ತಿಂಗಳಾದ ಮೇಲೆ ಮೈದಾನದ ಹುಲ್ಲಿನ ಮೇಲೆ ಕಾಲಿಟ್ಟಾಗ ಅಳು ಬರುವ ಹಾಗಾಯಿತು.

ಕರ್ಮ ಅವರ ತಂಡದ ನಾಯಕ. ರೆಫರಿಯಾಗಿದ್ದ ಹೈಸ್ಕೂಲಿನ ಮೇಷ್ಟರು ಚೆಂಡನ್ನು ಮಧ್ಯದ ಚುಕ್ಕೆಯ ಮೇಲೆ ಇಡುತ್ತಿದ್ದಂತೆ ಅವನು ನೇರವಾಗಿ ನನ್ನ ಹತ್ತಿರ ಬಂದ.

"ಆಚೆಗೆ ವೋಗು ಮಾದೇವ" ಎಂದ, ಮೆಲ್ಲಗೆ.

"ಯಾಕ್ಲಾ?"

ಅವನು ತನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದ.

"ಯಾರ್ಲಾ ಯೋಳಿದ್ದು?"

"ಯಾರಾದ್ರೂ ಯೋಳಿರ್ಲಿ. ನಿಜಾನೋ ಸುಳ್ಳೋ ಯೋಳು."

"ನನ್ ಎದೆ, ನನ್ ಆಟ. ನೀನ್ಯಾವನ್ಲಾ ಕೇಳಾಕೆ? ನಾನು ಬೆಂಗ್ಳೂರಿಗೆ ವೋದೆ, ನೀನು ಇಲ್ಲೇ ಉಳ್ಕಂಡೆ, ಅದ್ಕೆ ಒಟ್ಟೆಕಿಚ್ಚು ನಿಂಗೆ."

ಆ ಮಾತು ನನ್ನ ಬಾಯಿಂದಲೇ ಬಂತು. ಅವನ ಮುಖ ಕೆಂಪಾಯಿತು. ಹಿಂದಕ್ಕೆ ತಿರುಗಿ ನಡೆದವನು ಮಧ್ಯದ ಚುಕ್ಕೆಯ ಹತ್ತಿರ ನಿಂತ, ಬಗ್ಗಿ ಚೆಂಡನ್ನು ಎತ್ತಿಕೊಂಡ, ಅಲ್ಲೇ ಹುಲ್ಲಿನ ಮೇಲೆ ಕಾಲು ಮಡಚಿ ಕೂತುಬಿಟ್ಟ. ಚೆಂಡು ಅವನ ಮಡಿಲಿನಲ್ಲಿತ್ತು.

ಮೇಷ್ಟರು ಸೀಟಿ ಊದಿದರು. ಅವನು ಏಳಲಿಲ್ಲ. ಹತ್ತಿರ ಹೋಗಿ ಏನಪ್ಪಾ ಎಂದು ಕೇಳಿದರು.

"ಅವ್ನು ಆಡಿದ್ರೆ ನಾವು ಆಡಲ್ಲ ಸಾರ್" ಎಂದ.

"ಯಾಕೆ? ಕಾರಣ ಹೇಳ್ಬೇಕಲ್ಲ."

"ಕಾರಣ ಇಲ್ಲ ಸಾರ್. ಆಡಲ್ಲ."

ಜನಕ್ಕೆ ಅಷ್ಟೇ ಸಾಕಾಯಿತು. ಕೂಗು ಶುರುವಾಯಿತು. ಹೆದರಿಕೊಂಡ ಎಂದರು, ಹೇಡಿ ಎಂದರು, ಅವನ ಜನದ ಹೆಸರೆತ್ತಿ ನಿಮ್ಮ ದೇಶಕ್ಕೆ ಹೋಗ್ರೋ ಎಂದರು. ಇಲ್ಲಿಯೇ ಹುಟ್ಟಿದವನಿಗೆ ಅದು. ಕಾಂಪೌಂಡಿನ ಕಡೆಯಿಂದ ಮಣ್ಣಿನ ಹೆಂಟೆಯೊಂದು ಬಂದು ಅವನ ಬೆನ್ನಿಗೆ ಬಿದ್ದು ಪುಡಿಯಾಯಿತು. ಅವನು ಅಲುಗಲಿಲ್ಲ. ಅವನ ತಂಡದವರಿಗೂ ಯಾಕೆಂದು ಗೊತ್ತಿರಲಿಲ್ಲ. ಅವರಲ್ಲಿಬ್ಬರು ಅವನನ್ನು ಎಬ್ಬಿಸಲು ನೋಡಿದರು, ತಮ್ಮ ಭಾಷೆಯಲ್ಲಿ ಬೈದರು, ಕೊನೆಗೆ ಒಬ್ಬೊಬ್ಬರಾಗಿ ಬಂದು ಅವನ ಹಿಂದೆ ಕೂತರು. ಮೇಷ್ಟರು ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಕೊಟ್ಟರು.

ನಾನು ಎಡ ಅಂಚಿನಲ್ಲಿ ನಿಂತಿದ್ದೆ. ಆ ಹತ್ತು ನಿಮಿಷದಲ್ಲಿ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅವನು ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಹತ್ತು ನಿಮಿಷ ಮುಗಿಯಿತು, ಮೇಷ್ಟರು ನಮ್ಮ ತಂಡ ಗೆದ್ದಿತೆಂದು ಕೈಯೆತ್ತಿದರು. ರಾಜಣ್ಣ ಓಡಿಬಂದು ನನ್ನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದ. ಕರ್ಮ ಎದ್ದು, ಚೆಂಡನ್ನು ಜಾಗರೂಕತೆಯಿಂದ ಚುಕ್ಕೆಯ ಮೇಲಿಟ್ಟು, ತನ್ನವರನ್ನು ಕರೆದುಕೊಂಡು ಗೇಟಿನ ಕಡೆ ನಡೆದ. ಜನ ದಾರಿಯುದ್ದಕ್ಕೂ ಕೂಗುತ್ತಿದ್ದರು.

ಹಾರವನ್ನು ಬಸ್ ಸ್ಟಾಂಡಿನಲ್ಲಿ ಬಿಟ್ಟು ಮನೆಗೆ ಬಂದೆ. ಮಾರನೆಯ ದಿನ ಉಳಿದ ಪಂದ್ಯಗಳು. ಜ್ವರ ಬಂದಿದೆ ಎಂದು ರಾಜಣ್ಣನಿಗೆ ಹೇಳಿಕಳಿಸಿದೆ. ಕೊನೆಗೆ ಕೆ.ಆರ್. ನಗರದವರು ಗೆದ್ದರು ಎಂದು ಆಮೇಲೆ ತಿಳಿಯಿತು.

ಅದಾದ ಮೇಲೆ ನಾನು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಕರ್ಮನ ಮೇಲೆ ಸಿಟ್ಟಿತ್ತು, ನನ್ನ ಮೇಲೆ ಅದಕ್ಕಿಂತ ಹೆಚ್ಚಿಗೆ ಇತ್ತು. ಅವನಿಗೆ ಯಾರು ಹೇಳಿದರು ಎಂದು ಯೋಚಿಸಿದೆ. ಬೆಂಗಳೂರಿನ ಕ್ಲಬ್ಬಿನಿಂದ ಯಾರೋ ಹೇಳಿರಬೇಕು ಎಂದುಕೊಂಡೆ. ಎಲೆ ಕಟ್ಟಿದೆ, ಉಂಡೆ, ಮಲಗಿದೆ. ಸೆಪ್ಟೆಂಬರಿನ ಬಹುಪಾಲು ಹಾಗೆಯೇ ಹೋಯಿತು.

ದಸರಾ ಹತ್ತಿರವಿದ್ದಾಗ ಒಂದು ಬೆಳಿಗ್ಗೆ ಆ ವರ್ಷದ ಕೊನೆಯ ಬ್ಯಾರನ್ ಬಿಚ್ಚಿದೆವು. ಒಳಗಿನ ಕಾವು ಆರಲೆಂದು ಬಾಗಿಲು ತೆರೆದಿಟ್ಟು ಅಪ್ಪ ಹೊಸ್ತಿಲ ಮೇಲೆ ಕೂತ. ಮೇಲೆ ಸಾಲು ಸಾಲಾಗಿ ಬಂಗಾರದ ಬಣ್ಣಕ್ಕೆ ತಿರುಗಿದ ಎಲೆ. ಕೂಲಿಯವರು ಇನ್ನೂ ಬಂದಿರಲಿಲ್ಲ.

"ಕ್ಯಾಂಪಿನ ಹುಡುಗ ಬರ್ನೇ ಇಲ್ವಲ್ಲ" ಎಂದ ಅಪ್ಪ.

"ಬರದೇ ಇರ್ಲಿ ಬುಡು."

ಅವನು ಮೇಲಿನ ಎಲೆಯ ಸಾಲು ನೋಡಿದ. ಆಮೇಲೆ ನನ್ನ ಮುಖ ನೋಡದೆ ಹೇಳಿದ. "ಅವ್ನಿಗೆ ಯೋಳ್ದೋನು ನಾನೇ ಕಣ್ಲಾ. ಡೈರಿ ಗೋಡೇಲಿ ನೋಡಿದ್ ದಿನವೇ ವೋಗಿದ್ದೆ. ನಾನು ಬ್ಯಾಡ ಅಂದ್ರೆ ನೀನು ಕೇಳ್ತಿದ್ಯಾ? ಅಪ್ಪಂಗೆ ಆಟ ಕಂಡ್ರಾಗಲ್ಲ ಅಂತಿದ್ದೆ. ಅದ್ಕೇ ಅವ್ನ ತಾವ ವೋದೆ. ಎಂಗಾರ ಮಾಡಿ ನಿಲ್ಸಪ್ಪ, ಆದ್ರೆ ಎದೆ ವಿಸ್ಯ ಯಾರ್ಗೂ ಯೋಳ್ಬ್ಯಾಡ, ಮನೇಲಿ ಮದ್ವೆಗೆ ಬಂದಿರೋ ಹೆಣ್ಮಗಳು ಅವ್ಳೆ ಅಂತ ಕೈ ಮುಗ್ದೆ. ಆಗ್ಲಿ ಅಂದ."

ನಾನು ಅವನ ಪಕ್ಕ ಹೊಸ್ತಿಲ ಮೇಲೆ ಕೂತೆ.

"ನೀನು ಬಂದ್ ದಿನ ಕೇಳ್ದಲ್ಲ, ನಿಂಗ ಓಡ್ತಿದ್ನಾ ಅಂತ. ಓಡ್ತಿದ್ದ. ಎತ್ತು ಅಗ್ಗ ಕಿತ್ಕಂಡು ಕೆರೆ ಕಡೆ ನುಗ್ತು. ನಂಗೆ ಕಾಲಲ್ಲಿ ಮುಳ್ಳು ಮುರ್ದಿತ್ತು. 'ಓಡ್ಲಾ, ಇಡ್ಕಳ್ಲಾ' ಅಂತ ಕೂಗ್ದೆ. ಓಡ್ದ. ಇಡ್ದೂ ಬುಟ್ಟ ಕಣೋ. ಮೂಗುದಾರ ಇಡ್ಕಂಡು ನನ್ ಕಡೆ ತಿರುಗಿ ನಕ್ಕ. ಅಂಗೇ ಕುಸುದ್ಬುಟ್ಟ." ಅಪ್ಪ ತನ್ನ ಕಪ್ಪಾದ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದ. "ಗಾಳಿ ಸೋಕ್ತು ಅಂದ್ರು. ನಾನೂ ಊಂ ಅಂದೆ. ಓಡು ಅಂದೋನು ನಾನು ಅಂತ ನಮ್ಮವ್ವಂಗೂ ಯೋಳ್ನಿಲ್ಲ, ನಿಮ್ಮವ್ವಂಗೂ ಯೋಳಿಲ್ಲ."

ಅಷ್ಟರಲ್ಲಿ ಕೂಲಿಯವರು ಮಾತಾಡುತ್ತ ಬರುವುದು ಕೇಳಿಸಿತು. ಅಪ್ಪ ಎದ್ದು ಒಳಗೆ ಹೋಗಿ ಕಡ್ಡಿಗಳನ್ನು ಇಳಿಸತೊಡಗಿದ. ನಾನೂ ಹೋಗಿ ಕೆಳಗೆ ನಿಂತು ಒಂದೊಂದಾಗಿ ತೆಗೆದುಕೊಂಡೆ. ಅವತ್ತು ಅವನು ನನ್ನನ್ನು ಗದರಲಿಲ್ಲ.

ಮಧ್ಯಾಹ್ನ ಮುಖ ತೊಳೆದು ಕ್ಯಾಂಪಿಗೆ ನಡೆದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತಿದ್ದೆ. ಜೋಳ ಮುರಿದು ಮುಗಿದಿತ್ತು, ಹೊಲಗಳಲ್ಲಿ ಒಣಗಿದ ದಂಟು ಮಾತ್ರ ನಿಂತಿತ್ತು. ಕರ್ಮನ ಮನೆಯ ಬಾಗಿಲಿಗೆ ಬೀಗ. ಪಕ್ಕದ ಮನೆಯ ಅಜ್ಜಿಯೊಬ್ಬರು ಜಪದ ಚಕ್ರ ತಿರುಗಿಸುತ್ತ ಹೊರಗೆ ಬಂದರು.

"ಸ್ವೆಟರ್ ವ್ಯಾಪಾರ" ಎಂದರು. "ಮೊನ್ನೆ ಹೋಯ್ತು. ಎಲ್ಲಾ ಹೋಯ್ತು. ಚಳಿ ಮುಗಿದು ಬರ್ತದೆ."

ಫಸಲು ಮುಗಿದ ಮೇಲೆ ಕ್ಯಾಂಪಿನವರು ದೂರದ ಊರುಗಳಿಗೆ ಹೋಗಿ ರಸ್ತೆ ಬದಿಯಲ್ಲಿ ಸ್ವೆಟರ್ ಮಾರುವುದು ವರ್ಷವೂ ಇದ್ದದ್ದೇ. ನನಗೆ ಗೊತ್ತಿದ್ದದ್ದೇ. ಆದರೂ ಆ ಬೀಗವನ್ನು ಮುಟ್ಟಿ ನೋಡಿದೆ. ಚಳಿ ಮುಗಿದ ಮೇಲೆ ಅವನ ತಂದೆತಾಯಿ ಬಂದರು, ಅವನು ಬರಲಿಲ್ಲ. ಅಲ್ಲಿಂದಲೇ ದೆಹಲಿಗೆ ಹೋದನಂತೆ, ಆಮೇಲೆ ಹೊರದೇಶಕ್ಕೆ. ಮತ್ತೆ ಅವನನ್ನು ನೋಡಿದ್ದು ಹನ್ನೊಂದು ವರ್ಷದ ಮೇಲೆ, ಅವನ ತಾಯಿ ತೀರಿಕೊಂಡಾಗ. ಅವನ ಸುತ್ತ ಬೇರೆ ಜನ, ಬೇರೆ ದುಃಖ. ಇಬ್ಬರೂ ಮಕ್ಕಳ ವಿಷಯ, ಮಳೆಯ ವಿಷಯ ಮಾತಾಡಿದೆವು. ಹೇಳಬೇಕಾದದ್ದನ್ನು ಹೇಳಲು ಅವತ್ತೂ ಆಗಲಿಲ್ಲ.

ಆ ದಿನ ಕ್ಯಾಂಪಿನಿಂದ ವಾಪಸು ನಡೆಯುವ ಮನಸ್ಸಾಗದೆ ಮುಖ್ಯರಸ್ತೆಗೆ ಬಂದು ಕುಶಾಲನಗರದ ಕಡೆಯಿಂದ ಬಂದ ಬಸ್ಸು ಹತ್ತಿದೆ. ದಸರೆಗೆ ಹೋಗುವ ಜನ, ಬಸ್ಸು ತುಂಬಿತ್ತು. ಕಂಡಕ್ಟರ್ ಟಿಕೆಟ್ ಹರಿಯುತ್ತ ಬಂದವನು ನನ್ನ ಮುಖ ನೋಡಿ ನಿಂತ.

"ನೀವು ಆ ಫುಟ್‌ಬಾಲ್ ಮಾದೇವ ಅಲ್ವಾ? ಹುಣ್ಸೂರಲ್ಲಿ ನಾನೂ ಇದ್ದೆ ಅವತ್ತು. ಎಂಥಾ ಮಜಾ! ಆ ಟಿಬೆಟ್‌ನೋನು ನಿಮ್ಮನ್ನ ನೋಡಿ ಎದ್ರ್ಕಂಡು ಕುಂತೇ ಬುಟ್ನಲ್ಲ!" ಎಂದು ಗಟ್ಟಿಯಾಗಿ ನಕ್ಕ. ಹಿಂದಿನ ಸೀಟಿನವರೂ ನಕ್ಕರು. "ಅದೇ, ಅದೇ, ಚೆಂಡು ಎತ್ಕಂಡು ಕುಂತ್ಬುಟ್ನಂತಲ್ಲ" ಎಂದು ಯಾರೋ ಸೇರಿಸಿದರು.

"ಎದ್ರ್ಕಂಡಿದ್ದು ಅವ್ನಲ್ಲ ಅಣ್ಣ" ಎಂದೆ.

"ಮತ್ತೆ?"

ತಂಗಿಯ ಮುಖ ಕಣ್ಣ ಮುಂದೆ ಬಂತು. ಈ ಬಸ್ಸಿನಲ್ಲಿ ಆಡಿದ ಮಾತು ಪಿರಿಯಾಪಟ್ಟಣದ ಸಂತೆ ಮುಟ್ಟಿ ನಮ್ಮೂರಿಗೆ ಬರಲು ಎರಡು ದಿನ ಸಾಕು ಎಂದು ನನಗೆ ಗೊತ್ತಿತ್ತು. ಹಾಗೆಯೇ ಬಂತು. ಎರಡು ಕಡೆಯ ಸಂಬಂಧ ಅದರಿಂದಲೇ ತಪ್ಪಿದವು. ತಂಗಿಯನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ, ಅವಳ ಎದೆಗೆ ಏನೂ ಆಗಿಲ್ಲ ಎಂಬ ಕಾಗದ ತಂದ ಮೇಲೂ ಮದುವೆಗೆ ಮೂರು ವರ್ಷ ಹಿಡಿಯಿತು. ಅವಳು ಒಂದು ದಿನವೂ ನನ್ನನ್ನು ದೂರಲಿಲ್ಲ.

"ನನ್ ಎದೆ ಸರಿ ಇಲ್ಲ" ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಹುಟ್ಟಿದಾಗಿಂದ ಇರೋದು. ನಾನು ಅವತ್ತು ಓಡಿದ್ರೆ ಅಲ್ಲೇ ಸಾಯ್ಬೋದಿತ್ತು. ನನ್ನ ಆಡಕ್ಕೆ ಬುಡ್ಬಾರ್ದು ಅಂತ ಅವ್ನು ಕುಂತಿದ್ದು. ನೀವೆಲ್ಲ ಬೈದ್ರಲ್ಲ, ಬೈಸ್ಕಂಡು ಕುಂತಿದ್ದ. ನಾನು ನೋಡ್ಕಂಡು ನಿಂತಿದ್ದೆ. ನಾನಿನ್ನು ಬೆಂಗ್ಳೂರ್ಗೂ ಹೋಗಲ್ಲ. ಆಟ ಮುಗೀತು."

ಕಂಡಕ್ಟರ್ ಟಿಕೆಟ್ ಕಟ್ಟನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ. ಆಮೇಲೆ ಮುಂದೆ ಹೋಗಿ ಕೂತಿದ್ದ ಒಬ್ಬರನ್ನು ಎಬ್ಬಿಸಿ, "ಬನ್ನಿ, ಇಲ್ಲಿ ಕುಂತ್ಕಳಿ" ಎಂದ. ನಿಂತೇ ಇರುತ್ತೇನೆ ಎಂದರೂ ಬಿಡಲಿಲ್ಲ.

ನಮ್ಮೂರ ಕ್ರಾಸ್ ಬಂದಾಗ ಅವನೇ ಸೀಟಿ ಊದಿದ. "ನಿಧಾನ, ನಿಧಾನ ಇಳೀರಿ" ಎಂದ. ಅರವತ್ತು ವರ್ಷದ ಮುದುಕರಿಗೆ ಹೇಳುವ ದನಿ ಅದು. ಇಳಿದು, ಬಸ್ಸು ಹೊರಡಲಿ ಎಂದು ಮಣ್ಣಿನಲ್ಲಿ ನಿಂತೆ. ಅದು ಹೊರಡಲಿಲ್ಲ. ಕಿಟಕಿಗಳಲ್ಲಿ ಸಾಲಾಗಿ ಮುಖಗಳು, ಬಾಗಿಲಲ್ಲಿ ಕಂಡಕ್ಟರ್. ಬಸ್ಸಿನ ಮುಂದಿನಿಂದಲೇ ದಾಟಬೇಕಾಯಿತು. ಒಂದೊಂದೇ ಹೆಜ್ಜೆ ಇಟ್ಟು ರಸ್ತೆ ದಾಟಿದೆ. ನಾನು ಆ ಬದಿ ಮುಟ್ಟಿ ಊರಿನ ದಾರಿಗೆ ತಿರುಗುವವರೆಗೂ ಅಷ್ಟು ದೊಡ್ಡ ಬಸ್ಸು ಅಲ್ಲಾಡದೆ ನಿಂತಿತ್ತು.